ಮಿಣುಕುವ ಎಲ್‌ಇಡಿ, ಟಿಕ್ ಎನ್ನುವ ಪೆಡಲ್: ದೋಷ ಹುಡುಕುವ ಬಗೆ

ಗಿಟಾರ್ ಮತ್ತು ಆಂಪ್ಲಿಫೈಯರ್ (ಆಂಪ್) ನಡುವೆ ಇಟ್ಟು ಕಾಲಿನಿಂದ ಒತ್ತುವ ಡಬ್ಬಿಯೇ ಪೆಡಲ್. ಮನೆಯಲ್ಲೇ ಕಟ್ಟಿದ ಟ್ರೆಮೊಲೊ (ಸದ್ದನ್ನು ಏರಿಳಿಸುವುದು) ಅಥವಾ ಫೇಸರ್ (ಸದ್ದು ಸುಳಿದಾಡುವಂತೆ ಮಾಡುವುದು) ಪೆಡಲ್‌ಗೆ, ಅದರ ವೇಗಕ್ಕೆ ತಕ್ಕಂತೆ ಮಿಣುಕುವ ಒಂದು ಎಲ್‌ಇಡಿ ಹಾಕಬೇಕೆಂಬ ಆಸೆ ಬಹುತೇಕ ಎಲ್ಲರಿಗೂ ಬರುತ್ತದೆ. ಬರಬೇಕಾದ್ದೇ. ಕತ್ತಲ ವೇದಿಕೆಯಲ್ಲಿ, ಇನ್ನೂ ಒಂದು ತಂತಿಯನ್ನೂ ಮೀಟುವ ಮೊದಲೇ, ಪೆಡಲ್ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ಕಾಲ ಬುಡದಲ್ಲೇ ಕಾಣುವುದು ತುಂಬಾ ಅನುಕೂಲ. ಒಂದು ಎಲ್‌ಇಡಿ, ಒಂದು ರೆಸಿಸ್ಟರ್, ಎರಡು ತುಂಡು ವೈರು, ಅಷ್ಟಕ್ಕೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆಮೇಲೆ ಆಂಪ್ ಆನ್ ಮಾಡಿದರೆ ದೀಪ ಮಿಣುಕಿದಾಗಲೆಲ್ಲ ಸ್ಪೀಕರ್‌ನಲ್ಲಿ ‘ಟಿಕ್’. ಇಲ್ಲವೇ ದೀಪ ಆರುವುದೇ ಇಲ್ಲ. ಇಲ್ಲವೇ ದೀಪ ಹಾಕಿದ ಮೇಲೆ ಟ್ರೆಮೊಲೊನೇ ನಿಂತುಹೋಗಿದೆ.

ಈ ತೊಂದರೆಗಳು ಬೇರೆ ಬೇರೆ ಕಂಡರೂ ಹುಡುಕುವ ದಾರಿ ಹೆಚ್ಚುಕಮ್ಮಿ ಒಂದೇ. ಎಲ್‌ಇಡಿಯ ಕರೆಂಟ್ ಎಲ್ಲಿಂದ ಹೊರಡುತ್ತಿದೆ, ಯಾವ ವೈರಿನ ಮೂಲಕ ವಾಪಸ್ ಹೋಗುತ್ತಿದೆ ಎಂದು ಬೆರಳಿಟ್ಟು ನೋಡುತ್ತಾ ಹೋಗಬೇಕು. ಕೆಪಾಸಿಟರ್ ಸಿಕ್ಕಸಿಕ್ಕಲ್ಲಿ ಹಾಕುವುದು, ಐಸಿ ಬದಲಿಸುವುದು, ಡಬ್ಬಿಗೆ ತಗಡು ಸುತ್ತುವುದು ಇವೆಲ್ಲ ಆಮೇಲಿನ ಮಾತು.

ಮಾದರಿಗೆ ಒಂದು ಸರ್ಕ್ಯೂಟ್

ಹೇಳುವುದಕ್ಕೆ ಒಂದು ಆಧಾರ ಬೇಕಲ್ಲ, 9 ವೋಲ್ಟಿನ ಸಾಮಾನ್ಯ ಟ್ರೆಮೊಲೊ ಒಂದನ್ನು ಇಟ್ಟುಕೊಳ್ಳೋಣ. ಅದರ ಎಲ್‌ಎಫ್‌ಒ, ಅಂದರೆ ಧ್ವನಿಯನ್ನು ಏರಿಳಿಸುವ ನಿಧಾನಗತಿಯ ಆಸಿಲೇಟರ್, ಟಿಎಲ್072 ಐಸಿಯ ಎರಡು ಆಪ್-ಆಂಪ್‌ಗಳಿಂದ (ಐಸಿಯೊಳಗಿನ, ಸಿಗ್ನಲ್ ಹಿಗ್ಗಿಸುವ ಘಟಕಗಳು) ಆಗಿದೆ. ಒಂದರಿಂದ ತ್ರಿಕೋನ ಅಲೆ, ಇನ್ನೊಂದರಿಂದ ಚೌಕ ಅಲೆ. ತ್ರಿಕೋನ ಅಲೆ ವ್ಯಾಕ್ಟ್ರಾಲ್‌ಗೆ ಹೋಗುತ್ತದೆ (ಎಲ್‌ಇಡಿ ಮತ್ತು ಎಲ್‌ಡಿಆರ್, ಅಂದರೆ ಬೆಳಕು ಬಿದ್ದಷ್ಟೂ ರೆಸಿಸ್ಟೆನ್ಸ್ ಇಳಿಯುವ ರೆಸಿಸ್ಟರ್, ಎರಡನ್ನೂ ಎದುರುಬದುರು ಇಟ್ಟು ಕಪ್ಪು ಸ್ಲೀವ್ ಹೊದಿಸಿದ ಜೋಡಿ ಅದು). ಚೌಕ ಅಲೆಯ ಕಾಲಿಗೆ ಒಂದು ರೆಸಿಸ್ಟರ್, ಅದರ ಮುಂದೆ ಡಬ್ಬಿಯ ಮೇಲೆ ಕಾಣುವ ಸೂಚಕ ಎಲ್‌ಇಡಿ, ಅಲ್ಲಿಂದ ಗ್ರೌಂಡ್ (ಸಪ್ಲೈನ ಮೈನಸ್ ಕಡೆ). ಅಡಾಪ್ಟರ್ ತಿರುಗುಮುರುಗಾದರೆ ಕಾಯಲೆಂದು ಒಳಬರುವ ಪ್ಲಸ್ ದಾರಿಯಲ್ಲಿ 1ಎನ್4001 ಡಯೋಡ್ ಇದೆ. ಹಾಗಾಗಿ ಸರ್ಕ್ಯೂಟ್‌ಗೆ ನಿಜವಾಗಿ ಸಿಗುವುದು ಸುಮಾರು 8.3 ವೋಲ್ಟ್.

ಮಲ್ಟಿಮೀಟರ್ ಸಾಕು, ಆಸಿಲೋಸ್ಕೋಪ್ ಬೇಕೇಬೇಕು ಅಂತಿಲ್ಲ. ಸ್ಪೀಡ್ ಪಾಟ್ (ವೇಗ ಹೊಂದಿಸಲು ತಿರುಗಿಸುವ ಗುಂಡಿ) ಅನ್ನು ಪೂರ್ತಿ ನಿಧಾನಕ್ಕೆ ಇಳಿಸಿದರೆ ಮೀಟರಿನ ಅಂಕಿ ಹತ್ತಿ ಇಳಿಯುವುದನ್ನು ಕಣ್ಣಲ್ಲೇ ಹಿಂಬಾಲಿಸಬಹುದು. ಆಂಪ್‌ನ ವಾಲ್ಯೂಮ್ ಮಾತ್ರ ತಗ್ಗಿಸಿಯೇ ಇಡಿ. ಪ್ರೋಬ್ ಜಾರಿ ಪಕ್ಕದ ಕಾಲಿಗೆ ತಗುಲಿದರೆ ಸ್ಪೀಕರ್ ಜೋರಾಗಿ ಸಿಡಿದಂತೆ ಸದ್ದು ಮಾಡುತ್ತದೆ.

ಮೊದಲು ಎಲ್‌ಇಡಿಯ ಒಂದು ಕಾಲು ಬಿಡಿಸಿ

ಏನೇ ದೋಷವಿರಲಿ, ಇದು ಮೊದಲ ಪರೀಕ್ಷೆ. ಎಲ್‌ಇಡಿಯ ಒಂದು ಕಾಲಿನ ಬೆಸುಗೆ ಬಿಡಿಸಿ, ಉಳಿದದ್ದನ್ನು ಹಾಗೇ ಬಿಟ್ಟು ಪೆಡಲ್ ನುಡಿಸಿ ನೋಡಿ. ಟಿಕ್ ಸದ್ದು ಪೂರ್ತಿ ಹೋಯಿತೆಂದರೆ ತಪ್ಪು ಎಲ್‌ಇಡಿಯ ದಾರಿಯಲ್ಲೇ ಇದೆ. ಸ್ವಲ್ಪ ಮಾತ್ರ ಕಡಿಮೆಯಾಯಿತೆಂದರೆ ಎಲ್‌ಎಫ್‌ಒ ಕೂಡ ಪಾಲುದಾರ. ಏನೂ ವ್ಯತ್ಯಾಸವಾಗದಿದ್ದರೆ ಎಲ್‌ಇಡಿಯನ್ನು ದೂರಬೇಡಿ, ಎಲ್‌ಎಫ್‌ಒದ ವೈರಿಂಗ್ ಕಡೆ ತಿರುಗಿ.

ಎರಡನೆಯದು: ಅಡಾಪ್ಟರ್ ಕಿತ್ತು ಹೊಸ 9 ವೋಲ್ಟ್ ಬ್ಯಾಟರಿ ಹಾಕಿ. ‘ಹೊಸ’ ಎಂಬುದು ಮುಖ್ಯ. ಇಳಿದುಹೋದ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಹತ್ತಾರು ಓಮ್‌ಗೆ ಏರಿರುತ್ತದೆ. 20 ಓಮ್ ಅಂದುಕೊಂಡರೂ, 5 ಮಿಲಿಆಂಪ್‌ನ ಎಲ್‌ಇಡಿ ಹೊತ್ತಿ ಆರಿದಾಗಲೆಲ್ಲ ಇಡೀ ಸಪ್ಲೈ 100 ಮಿಲಿವೋಲ್ಟ್ ಕುಸಿದು ಏಳುತ್ತದೆ. ಗಿಟಾರ್ ಪಿಕಪ್‌ನಿಂದ ಬರುವ ಸಿಗ್ನಲ್ಲೇ ಹೆಚ್ಚುಕಮ್ಮಿ ಅಷ್ಟಿರುತ್ತದೆ. ಅಂಥ ಬ್ಯಾಟರಿ ಇಟ್ಟುಕೊಂಡು ಪರೀಕ್ಷೆ ಮಾಡಿದರೆ ದಿನವಿಡೀ ಸುಳ್ಳು ಸುಳಿವುಗಳ ಹಿಂದೆ ಓಡಬೇಕಾಗುತ್ತದೆ.

ಮೂರನೆಯದು: ಒಂದು ಖಾಲಿ ಮೋನೊ ಪ್ಲಗ್‌ನ ಒಳಗೆ ಟಿಪ್ (ತುದಿ) ಮತ್ತು ಸ್ಲೀವ್ (ಹೊರಗಿನ ಕೊಳವೆ) ಎರಡನ್ನೂ ವೈರಿನಿಂದ ಸೇರಿಸಿ, ಗಿಟಾರ್ ಬದಲು ಅದನ್ನು ಇನ್‌ಪುಟ್ ಜಾಕ್‌ಗೆ ಚುಚ್ಚಿ. ಇದರಿಂದ ಇನ್‌ಪುಟ್ ವೈರು ಗ್ರೌಂಡ್‌ಗೆ ಕಟ್ಟಿಬೀಳುತ್ತದೆ. ಆಗ ಟಿಕ್ ಮಾಯವಾದರೆ ಸದ್ದು ಇನ್‌ಪುಟ್ ವೈರಿನ ಮೂಲಕ, ಗಾಳಿಯಲ್ಲೇ ಹಾರಿ, ಒಳಗೆ ಬರುತ್ತಿದೆ. ಟಿಕ್ ಹಾಗೇ ಉಳಿದರೆ ಅದು ಸಪ್ಲೈ ಅಥವಾ ಗ್ರೌಂಡ್ ದಾರಿಯಿಂದ ಬರುತ್ತಿದೆ. ಈ ಒಂದು ಪ್ಲಗ್ ಮಾಡಿಟ್ಟುಕೊಂಡರೆ ಅರ್ಧ ತಲೆನೋವು ಹೋದಂತೆ. ಪೆಡಲ್ ಕಟ್ಟುವವರ ಪೆಟ್ಟಿಗೆಯಲ್ಲಿ ಬೆಸುಗೆ ಕಡ್ಡಿಯ ಪಕ್ಕದಲ್ಲೇ ಅದಕ್ಕೆ ಜಾಗ ಇರಬೇಕು.

ಟಿಕ್ ಸದ್ದು ಎಲ್ಲಿ ಹುಟ್ಟುತ್ತದೆ

ಕಿವಿಗೊಟ್ಟು ಕೇಳಿದರೆ ಟಿಕ್ ಒಂದಲ್ಲ, ಎರಡು. ದೀಪ ಹೊತ್ತುವಾಗ ಒಮ್ಮೆ, ಆರುವಾಗ ಒಮ್ಮೆ. ಎಲ್‌ಎಫ್‌ಒ ಸೆಕೆಂಡಿಗೆ 5 ಸುತ್ತು ತಿರುಗುತ್ತಿದ್ದರೆ 10 ಟಿಕ್. 5 ಹರ್ಟ್ಸ್ ಕಿವಿಗೆ ಕೇಳುವ ಸ್ವರವೇ ಅಲ್ಲ, ಆದರೆ ಚೌಕ ಅಲೆಯ ಕಡಿದಾದ ಅಂಚು ಕೇಳುತ್ತದೆ. ಕರೆಂಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿ ನಿಂತಾಗ ಆ ಹಾರಾಟದಲ್ಲಿ ಸಾವಿರಾರು ಹರ್ಟ್ಸ್‌ವರೆಗಿನ ಅಂಶಗಳಿರುತ್ತವೆ. ಸರ್ಕ್ಯೂಟಿನ ಕಪ್ಲಿಂಗ್ ಕೆಪಾಸಿಟರ್‌ಗಳು ನಿಧಾನದ ಏರಿಳಿತವನ್ನು ತಡೆದು, ಸರಿಯಾಗಿ ಆ ಅಂಚನ್ನೇ ಮುಂದಕ್ಕೆ ದಾಟಿಸುತ್ತವೆ. ಹಾಗಾಗಿ ಪರಿಹಾರ ಮೂರು ಕಡೆ ಸಾಧ್ಯ: ಕರೆಂಟ್ ಕಡಿಮೆ ಮಾಡುವುದು, ಅದರ ದಾರಿ ಬೇರೆ ಮಾಡುವುದು, ಅಂಚು ಸವೆಸುವುದು.

ಕರೆಂಟ್ ಕಡಿಮೆ ಮಾಡುವುದರಿಂದ ಶುರು ಮಾಡಿ, ಯಾಕೆಂದರೆ ಅದಕ್ಕೆ ಒಂದೇ ರೆಸಿಸ್ಟರ್ ಸಾಕು. ಟಿಎಲ್072 ಮೇಲಕ್ಕೆ ಸುಮಾರು 7 ವೋಲ್ಟ್ ಮುಟ್ಟುತ್ತದೆ, ಕೆಂಪು ಎಲ್‌ಇಡಿ 2 ವೋಲ್ಟ್ ತಿನ್ನುತ್ತದೆ, ರೆಸಿಸ್ಟರ್ 1ಕೆ (1000 ಓಮ್) ಇದ್ದರೆ 5 ಮಿಲಿಆಂಪ್ ಹರಿಯುತ್ತದೆ. ಅದನ್ನು 4.7ಕೆ ಮಾಡಿದರೆ 1 ಮಿಲಿಆಂಪ್ ಚಿಲ್ಲರೆ. ಈಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಬೆಲೆಗೆ ಸಿಗುವ ಪಾರದರ್ಶಕ ಮೂತಿಯ ಸೂಪರ್‌ಬ್ರೈಟ್ ಎಲ್‌ಇಡಿಗೆ ಅದೂ ಹೆಚ್ಚೇ. ನೀಲಿ ಬಣ್ಣದ್ದಾದರೆ 22ಕೆ ಹಾಕಿ ನೋಡಿ, 0.2 ಮಿಲಿಆಂಪ್ ಆಸುಪಾಸಿನಲ್ಲೂ ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ. ಕಣ್ಣು ಕುಕ್ಕುವ ಸೂಚಕ ದೀಪದಿಂದ ನುಡಿಸುವವರಿಗೆ ತೊಂದರೆಯೇ ಹೊರತು ಉಪಯೋಗವಿಲ್ಲ, ಪಕ್ಕದ ಪಾಟ್‌ಗಳ ಗುರುತೂ ಕಾಣದಂತಾಗುತ್ತದೆ.

ಈಗ ಗ್ರೌಂಡ್. ಗೆಳೆಯರೊಬ್ಬರು ತಂದ ಟ್ರೆಮೊಲೊದಲ್ಲಿ ಟಿಕ್ ಒಂಟಿಯಾಗಿ ನುಡಿಸಿದಾಗ ಇರಲಿಲ್ಲ, ಅದರ ಮುಂದೆ, ಆಂಪ್ ಕಡೆಗೆ, ಡಿಸ್ಟಾರ್ಷನ್ ಪೆಡಲ್ (ಸಿಗ್ನಲ್ ಅನ್ನು ತುಂಬಾ ಹಿಗ್ಗಿಸಿ ಒರಟಾಗಿಸುವುದು) ಇಟ್ಟಾಗ ಮಾತ್ರ ಕೇಳುತ್ತಿತ್ತು. ಮುಚ್ಚಳ ತೆಗೆದರೆ ಬೆಸುಗೆಯೆಲ್ಲ ಅಚ್ಚುಕಟ್ಟು. ಎಲ್‌ಇಡಿಯ ಮೈನಸ್ ಕಾಲು ಮಾತ್ರ ಹತ್ತಿರ ಸಿಕ್ಕಿತೆಂದು ಇನ್‌ಪುಟ್ ಜಾಕ್‌ನ ಸ್ಲೀವ್ ಲಗ್‌ಗೆ (ಬೆಸುಗೆ ಹಾಕುವ ಲೋಹದ ಕಿವಿ) ಬೆಸೆದಿತ್ತು. ಅಲ್ಲಿಂದ ಒಂದು ತೆಳು ವೈರು ಬೋರ್ಡಿಗೆ, ಬೋರ್ಡಿನಿಂದ ಇನ್ನೊಂದು ಡಿಸಿ ಜಾಕ್‌ಗೆ. ಅಂದರೆ ಎಲ್‌ಇಡಿಯ ಕರೆಂಟ್ ಪೂರ್ತಿ, ಸಿಗ್ನಲ್‌ನ ಗ್ರೌಂಡ್ ವೈರಿನ ಮೇಲೇ ನಡೆದು ಹೋಗುತ್ತಿತ್ತು. ಆ ವೈರು, ಬೆಸುಗೆ, ಲಗ್ ಎಲ್ಲ ಸೇರಿ 0.05 ಓಮ್ ಅಂದುಕೊಳ್ಳಿ. 5 ಮಿಲಿಆಂಪ್‌ಗೆ ಅಲ್ಲಿ ಕಾಲು ಮಿಲಿವೋಲ್ಟ್ ಏರಿಳಿತ. ಒಂಟಿ ಟ್ರೆಮೊಲೊದಲ್ಲಿ ಅದು ಕಿವಿಗೆ ಬೀಳುವುದಿಲ್ಲ. ಮುಂದಿನ ಡಿಸ್ಟಾರ್ಷನ್ ಅದನ್ನು 200 ಪಟ್ಟು ಹಿಗ್ಗಿಸಿದರೆ 50 ಮಿಲಿವೋಲ್ಟ್, ಗಿಟಾರ್ ಮೌನವಾಗಿದ್ದಾಗಲೆಲ್ಲ ಗಡಿಯಾರದಂತೆ ಕೇಳುತ್ತದೆ. ಎಲ್‌ಇಡಿಯ ಮೈನಸ್ ಕಾಲಿನಿಂದ ನೇರವಾಗಿ ಡಿಸಿ ಜಾಕ್‌ನ ಗ್ರೌಂಡ್ ಲಗ್‌ಗೆ ಪ್ರತ್ಯೇಕ ವೈರು ಎಳೆದದ್ದೇ ಸದ್ದು ನಿಂತಿತು. ಬೇರೆ ಯಾವ ಬಿಡಿಭಾಗವನ್ನೂ ಮುಟ್ಟಬೇಕಾಗಲಿಲ್ಲ.

ಇದನ್ನು ನಿಮ್ಮ ಪೆಡಲ್‌ನಲ್ಲಿ ಬೆಸುಗೆ ಬಿಡಿಸದೆಯೇ ಪರೀಕ್ಷಿಸಬಹುದು. ಎರಡು ಮೊಸಳೆ ಕ್ಲಿಪ್ ಇರುವ ವೈರು ತೆಗೆದುಕೊಂಡು ಒಂದು ತುದಿಯನ್ನು ಡಿಸಿ ಜಾಕ್‌ನ ಗ್ರೌಂಡ್‌ಗೆ, ಇನ್ನೊಂದನ್ನು ಎಲ್‌ಇಡಿ ಗ್ರೌಂಡ್ ಸೇರುವ ಜಾಗಕ್ಕೆ ಕಚ್ಚಿಸಿ. ಟಿಕ್ ತಗ್ಗಿದರೆ ದಾರಿ ಸಿಕ್ಕಿತು.

ಸಪ್ಲೈ ಕಡೆಯ ಮದ್ದು ಗೊತ್ತಿರುವುದೇ: ಎಲ್‌ಎಫ್‌ಒ ಮತ್ತು ಎಲ್‌ಇಡಿಗೆ ಹೋಗುವ ಪ್ಲಸ್ ದಾರಿಯಲ್ಲಿ 100 ಓಮ್ ರೆಸಿಸ್ಟರ್, ಅದರ ಆಚೆ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದು 16 ಹರ್ಟ್ಸ್‌ಗಿಂತ ಮೇಲಿನದನ್ನು ಇಳಿಸುತ್ತಾ ಹೋಗುತ್ತದೆ, 1000 ಹರ್ಟ್ಸ್ ಹೊತ್ತಿಗೆ ಅಂಚಿನ ಸದ್ದು 60ನೇ ಒಂದು ಪಾಲಿಗೆ ಇಳಿದಿರುತ್ತದೆ. ಆದರೆ ಅನೇಕರು ಕೆಪಾಸಿಟರ್ ಹಾಕಿಯೂ ಪ್ರಯೋಜನವಾಗಲಿಲ್ಲ ಅನ್ನುತ್ತಾರೆ. ಅಂಥ ಬೋರ್ಡುಗಳಲ್ಲಿ ಅದರ ಮೈನಸ್ ಕಾಲನ್ನು ನೋಡಿ. ಎಲ್‌ಇಡಿಯ ಕರೆಂಟ್ ಈಗ ಆ ಕೆಪಾಸಿಟರ್‌ನಿಂದಲೇ ಹೊರಟು ಅದಕ್ಕೇ ವಾಪಸ್ ಬರುತ್ತದೆ. ಹಾಗಾಗಿ ಮೈನಸ್ ಕಾಲು ಎಲ್‌ಇಡಿಯ ಗ್ರೌಂಡ್ ಪಕ್ಕದಲ್ಲೇ ಇರಬೇಕು. ಬೋರ್ಡಿನ ಇನ್ನೊಂದು ತುದಿಯಲ್ಲಿ ಸಿಗ್ನಲ್ ಗ್ರೌಂಡ್ ಮೇಲೆ ಕೂತರೆ, ನಾವೇ ಟಿಕ್ ಅನ್ನು ಕರೆದುಕೊಂಡು ಹೋಗಿ ಅಲ್ಲಿ ಬಿಟ್ಟಂತಾಗುತ್ತದೆ.

ಟಿಪ್, ಸ್ಲೀವ್ ಸೇರಿಸಿದ ಆ ಪ್ಲಗ್ ಹಾಕಿದಾಗ ಸದ್ದು ಮಾಯವಾಗಿತ್ತು ಎಂದಾದರೆ ಸಪ್ಲೈ, ಗ್ರೌಂಡ್ ಎರಡನ್ನೂ ಬಿಡಿ. ಐಸ್‌ಕ್ರೀಂ ಕಡ್ಡಿಯಂಥ ಮರದ ತುಂಡಿನಿಂದ ಎಲ್‌ಇಡಿ ವೈರನ್ನು ಅತ್ತಿತ್ತ ಸರಿಸಿ. ಇನ್‌ಪುಟ್ ವೈರಿನ ಹತ್ತಿರ ಬಂದಾಗ ಟಿಕ್ ಜೋರಾದರೆ ಸಾಕ್ಷಿ ಸಿಕ್ಕಿತು. ಚೌಕ ಅಲೆ ಹೊತ್ತ ವೈರು ಡಬ್ಬಿಯ ಒಂದು ಗೋಡೆಗೆ ಅಂಟಿ, ಇನ್‌ಪುಟ್ ವೈರು ಎದುರು ಗೋಡೆಗೆ ಅಂಟಿ ಹೋಗಲಿ. ಎರಡೂ ಅಡ್ಡ ಹಾಯಲೇಬೇಕಾದರೆ ನೇರ ಕೋನದಲ್ಲಿ ಹಾಯಲಿ. ರೆಸಿಸ್ಟರ್ ಅನ್ನು ಎಲ್‌ಇಡಿಯ ಬಳಿ ಇಡದೆ ಬೋರ್ಡಿನ ಮೇಲೆಯೇ ಇಟ್ಟರೆ ಆ ಉದ್ದ ವೈರಿನಲ್ಲಿ ವೋಲ್ಟೇಜ್ ಜಿಗಿತ 7 ವೋಲ್ಟಿನ ಬದಲು ಎಲ್‌ಇಡಿಯ 2 ವೋಲ್ಟಿಗೆ ಸೀಮಿತವಾಗುತ್ತದೆ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಖರ್ಚಿಲ್ಲದೆ ಸಿಗುವ ಲಾಭ.

ಇಷ್ಟಾದ ಮೇಲೂ ಉಳಿದರೆ ಅಂಚು ಸವೆಸಬೇಕು. ಚೌಕ ಅಲೆಯಿಂದ ಬಿಸಿ547 ಟ್ರಾನ್ಸಿಸ್ಟರ್‌ನ ಬೇಸ್‌ಗೆ 100ಕೆ, ಬೇಸ್‌ನಿಂದ ಗ್ರೌಂಡ್‌ಗೆ 33ಕೆ, ಅದಕ್ಕೆ ಸಮಾನಾಂತರವಾಗಿ 1 ಮೈಕ್ರೋಫ್ಯಾರಡ್. ಎಮಿಟರ್‌ನಿಂದ ಗ್ರೌಂಡ್‌ಗೆ 1ಕೆ. ಕಲೆಕ್ಟರ್ ದಾರಿಯಲ್ಲಿ ಎಲ್‌ಇಡಿ. ಎಮಿಟರ್‌ನ 1ಕೆ ಬಿಡಬೇಡಿ. ಅದಿಲ್ಲದಿದ್ದರೆ ಬೇಸ್ ನಿಧಾನವಾಗಿ ಏರಿದರೂ ಟ್ರಾನ್ಸಿಸ್ಟರ್ ಒಂದೇ ಗುಕ್ಕಿನಲ್ಲಿ ತೆರೆದುಕೊಳ್ಳುತ್ತದೆ, ಕೆಪಾಸಿಟರ್ ಹಾಕಿದ್ದು ಅರ್ಧ ವ್ಯರ್ಥ. ಅದಿದ್ದರೆ ದೀಪ ಸುಮಾರು 1 ಮಿಲಿಆಂಪ್‌ವರೆಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ, ನೋಡುವುದಕ್ಕೂ ಚೆಂದ. ಎಲ್‌ಎಫ್‌ಒದ ಟಿಎಲ್072 ತೆಗೆದು ಟಿಎಲ್062 ಹಾಕುವುದೂ ಒಳ್ಳೆಯದು. ಕಾಲುಗಳ ಜೋಡಣೆ ಅದೇ. ಆದರೆ ಒಂದು ಆಪ್-ಆಂಪ್‌ಗೆ 1.4 ಮಿಲಿಆಂಪ್ ಆಸುಪಾಸು ಎಳೆಯುವ ಜಾಗದಲ್ಲಿ ಇದು 0.2 ಮಿಲಿಆಂಪ್ ಎಳೆಯುತ್ತದೆ. ಸಿಗ್ನಲ್ ಹಾದುಹೋಗುವ ಐಸಿಯನ್ನು ಮಾತ್ರ ಬದಲಿಸಬೇಡಿ, ಟಿಎಲ್062 ಸಿಗ್ನಲ್ ದಾರಿಯಲ್ಲಿ ಹಿಸ್ ಹೆಚ್ಚಿಸುತ್ತದೆ.

ಆರದ ದೀಪ

ದೀಪ ಮಂಕಾಗುತ್ತದೆ, ಆದರೆ ಪೂರ್ತಿ ಆರುವುದಿಲ್ಲ. ಸ್ಪೀಡ್ ನಿಧಾನ ಮಾಡಿ ಐಸಿಯ ಔಟ್‌ಪುಟ್ ಕಾಲಿನ ವೋಲ್ಟೇಜ್ ಅಳೆಯಿರಿ. ಕೆಳಗೆ 1.5 ವೋಲ್ಟಿಗಿಂತ ಇಳಿಯುತ್ತಿಲ್ಲ ಅಲ್ಲವೇ? ಐಸಿ ಕೆಟ್ಟಿಲ್ಲ, ಟಿಎಲ್072ನ ಸ್ವಭಾವವೇ ಅದು. ಸಪ್ಲೈನ ಎರಡೂ ತುದಿಗಳಿಂದ ಒಂದೂವರೆ ವೋಲ್ಟ್ ದೂರವೇ ನಿಲ್ಲುತ್ತದೆ. ಸೂಪರ್‌ಬ್ರೈಟ್ ಕೆಂಪು ಎಲ್‌ಇಡಿ ಅಷ್ಟಕ್ಕೇ ಮಿಣಿಮಿಣಿ ಅನ್ನಬಹುದು. ನೀಲಿ ಅಥವಾ ಬಿಳಿ ಹಾಕಿದರೆ, ಅದಕ್ಕೆ 3 ವೋಲ್ಟ್ ಬೇಕಾದ್ದರಿಂದ, ಚೆನ್ನಾಗಿ ಆರುತ್ತದೆ. ಕೆಂಪೇ ಬೇಕೆಂದರೆ ಅದರ ಜೊತೆ ಸಾಲಿನಲ್ಲಿ ಎರಡು 1ಎನ್4148 ಡಯೋಡ್ ಸೇರಿಸಿ.

ಟ್ರಾನ್ಸಿಸ್ಟರ್ ಹಾಕಿಯೂ ಆರದಿದ್ದರೆ ಬೇಸ್‌ನ 33ಕೆ ಬಿಟ್ಟುಹೋಗಿದೆಯೇ ನೋಡಿ. ಬರೀ 100ಕೆ ಇದ್ದರೆ, ಔಟ್‌ಪುಟ್ 1.5 ವೋಲ್ಟಿನಲ್ಲಿರುವಾಗಲೂ ಬೇಸ್‌ಗೆ ಬೇಕಾದ 0.6 ವೋಲ್ಟ್ ಸಿಕ್ಕಿಬಿಡುತ್ತದೆ. 33ಕೆ ಸೇರಿಸಿದರೆ ಅದು 0.37ಕ್ಕೆ ಇಳಿದು ಟ್ರಾನ್ಸಿಸ್ಟರ್ ನಿಜಕ್ಕೂ ಮುಚ್ಚಿಕೊಳ್ಳುತ್ತದೆ.

ಮಿಣುಕದೆ ಒಂದೇ ಸಮ ಉರಿಯುವ ದೀಪದ ಕಥೆ ಬೇರೆ. ಕತ್ತಲ ಕೋಣೆಯಲ್ಲಿ ಪೆಡಲ್ ಹಿಡಿದು ಗಾಳಿಯಲ್ಲಿ ಬೀಸಿ ನೋಡಿ. ಬೆಳಕಿನ ಗೆರೆ ಅಖಂಡವಾಗಿದ್ದರೆ ಎಲ್‌ಎಫ್‌ಒ ನಿಂತಿದೆ. ತುಂಡುತುಂಡಾಗಿ ಕಂಡರೆ ಓಡುತ್ತಿದೆ, ಕಣ್ಣಿಗೆ ಸಿಗದಷ್ಟು ವೇಗದಲ್ಲಿ. ಆಗ ಟೈಮಿಂಗ್ ಕೆಪಾಸಿಟರ್ ಮೇಲಿನ ಅಂಕಿ ಓದಿ: 105 ಎಂದರೆ 1 ಮೈಕ್ರೋಫ್ಯಾರಡ್, 104 ಎಂದರೆ 0.1. ಅಂಗಡಿಯ ಪೊಟ್ಟಣದಲ್ಲಿ ಎರಡೂ ಒಂದೇ ಗಾತ್ರ, ಒಂದೇ ಬಣ್ಣ. ಅದಲುಬದಲಾದರೆ 5 ಹರ್ಟ್ಸ್ ಹೋಗಿ 50 ಹರ್ಟ್ಸ್ ಆಗುತ್ತದೆ.

ದೀಪ ಹಾಕಿದರೆ ಟ್ರೆಮೊಲೊ ಸಾಯುತ್ತದೆ

ಇಎ (‘ಎಲೆಕ್ಟ್ರಾನಿಕ್ಸ್ ಆಸ್ಟ್ರೇಲಿಯಾ’ ಪತ್ರಿಕೆಯ) ಟ್ರೆಮೊಲೊ ಥರದ, ಒಂದೇ ಟ್ರಾನ್ಸಿಸ್ಟರ್‌ನ ಫೇಸ್-ಶಿಫ್ಟ್ ಆಸಿಲೇಟರ್ ಇರುವ ಪೆಡಲ್‌ಗಳಲ್ಲಿ ಇದು ಸಾಮಾನ್ಯ. ಮೂರು ಹಂತದ ಕೆಪಾಸಿಟರ್-ರೆಸಿಸ್ಟರ್ ಸರಪಳಿ ಸುತ್ತಿಬಂದ ಸಿಗ್ನಲ್ ಅನ್ನು ಟ್ರಾನ್ಸಿಸ್ಟರ್ ಮತ್ತೆ ಹಿಗ್ಗಿಸಿ ಅಷ್ಟಕ್ಕಷ್ಟೇ ಸರಿದೂಗಿಸುತ್ತಿರುತ್ತದೆ. ಕಲೆಕ್ಟರ್‌ಗೆ ನೇರವಾಗಿ ಎಲ್‌ಇಡಿ ನೇತುಹಾಕಿದರೆ ಆ ಹಿಗ್ಗುವಿಕೆ ಕುಸಿದು ಆಸಿಲೇಟರ್ ನಿಂತೇಬಿಡುತ್ತದೆ. ಎಲ್‌ಇಡಿ ಬಿಚ್ಚಿದ ಕೂಡಲೇ ಮತ್ತೆ ಓಡಿದರೆ ಅಥವಾ ವೇಗ ಬದಲಾದರೆ ಲೋಡ್‌ನದ್ದೇ ಕಾಟ.

ಇಲ್ಲಿ ಬಿಸಿ547 ಕೂಡ ಭಾರವೇ ಆಗಬಹುದು. ನನಗೆ ಸರಿ ಕಾಣುವುದು 2ಎನ್7000 ಮಾಸ್‌ಫೆಟ್, ಅದರ ಗೇಟ್ ಕರೆಂಟ್ ಎಳೆಯುವುದಿಲ್ಲ ಅಂದರೂ ನಡೆಯುತ್ತದೆ. ಕಲೆಕ್ಟರ್‌ನಿಂದ ಗ್ರೌಂಡ್‌ಗೆ 1 ಮೆಗಾ ಓಮ್‌ನ ಟ್ರಿಮ್‌ಪಾಟ್ ಹಾಕಿ, ಅದರ ನಡುಗಾಲನ್ನು ಗೇಟ್‌ಗೆ ಕೊಡಿ. ಡ್ರೇನ್ ದಾರಿಯಲ್ಲಿ ಎಲ್‌ಇಡಿ ಮತ್ತು 4.7ಕೆ. ಟ್ರಿಮ್‌ಪಾಟ್ ತಿರುಗಿಸುತ್ತಾ ಹೋದರೆ ಒಂದು ಕಡೆ ದೀಪ ಸದಾ ಹೊತ್ತಿರುತ್ತದೆ, ಇನ್ನೊಂದು ಕಡೆ ಸದಾ ಆರಿರುತ್ತದೆ. ನಡುವೆ ಸಮವಾಗಿ ಮಿಣುಕುವ ಜಾಗ ಸಿಗುತ್ತದೆ.

1974ರಲ್ಲಿ ಬಂದ ಎಂಎಕ್ಸ್‌ಆರ್ ಫೇಸ್ 90 ಮಾದರಿಯ ಫೇಸರ್ ಕಟ್ಟಿದ್ದರೆ ಇನ್ನೊಂದು ಎಚ್ಚರಿಕೆ. ಅದರ ಎಲ್‌ಎಫ್‌ಒದಲ್ಲಿ ಟೈಮಿಂಗ್ ಕೆಪಾಸಿಟರ್‌ನ ವೋಲ್ಟೇಜೇ ಜೆಫೆಟ್‌ಗಳ (ಒಂದು ಬಗೆಯ ಟ್ರಾನ್ಸಿಸ್ಟರ್) ಗೇಟ್‌ಗೆ ಹೋಗುವುದು. ಎಲ್‌ಇಡಿಗಾಗಿ ಆ ಜಾಗವನ್ನು ಮುಟ್ಟಬೇಡಿ. ಆಪ್-ಆಂಪ್‌ನ ಔಟ್‌ಪುಟ್ ಕಾಲಿನಿಂದ, ಮೇಲೆ ಹೇಳಿದ ಟ್ರಾನ್ಸಿಸ್ಟರ್ ಮೂಲಕ ತೆಗೆದುಕೊಳ್ಳಿ.

ಬೆಳಕು ಸೋರುತ್ತಿದ್ದರೆ

ಮುಚ್ಚಳ ತೆಗೆದಾಗ ಒಂದು ಥರ, ಹಾಕಿದಾಗ ಇನ್ನೊಂದು ಥರ ಕೇಳುವ ಟ್ರೆಮೊಲೊದಲ್ಲಿ ಎಲ್‌ಡಿಆರ್ ಮೇಲೆ ಹೊರಗಿನ ಬೆಳಕು ಬೀಳುತ್ತಿದೆ. ಸೂಚಕ ಎಲ್‌ಇಡಿಯ ಹಿಂಭಾಗದಿಂದಲೂ ಡಬ್ಬಿಯೊಳಗೆ ಸಾಕಷ್ಟು ಬೆಳಕು ಚೆಲ್ಲುತ್ತದೆ. ಅದು ಪಕ್ಕದ ಎಲ್‌ಡಿಆರ್ ಮುಟ್ಟಿದರೆ ಮೆದುವಾಗಿರಬೇಕಿದ್ದ ಟ್ರೆಮೊಲೊಗೆ ಚೌಕ ಅಲೆಯ ಕಡಿತ ಸೇರಿಕೊಳ್ಳುತ್ತದೆ, ಟಿಕ್ ಎಂದೇ ತಪ್ಪು ತಿಳಿಯುವಷ್ಟು. ಸೂಚಕ ಎಲ್‌ಇಡಿಯ ಬೆನ್ನಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ನೋಡಿ. ಸದ್ದು ಬದಲಾದರೆ ಸರ್ಕ್ಯೂಟ್ ಸರಿಯಿದೆ, ಬೆಳಕಿಗಷ್ಟೇ ತಡೆ ಬೇಕು.

ಸಾಮಾನ್ಯ ಕ್ಯಾಡ್ಮಿಯಂ ಸಲ್ಫೈಡ್ ಎಲ್‌ಡಿಆರ್‌ಗಳು 540 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಹಾಗಾಗಿ ಹಸಿರು ಸೂಚಕ ಹಾಕಿದವರಿಗೆ ಈ ತೊಂದರೆ ಹೆಚ್ಚು. ವ್ಯಾಕ್ಟ್ರಾಲ್‌ಗೆ ಕಪ್ಪು ಶ್ರಿಂಕ್ ಸ್ಲೀವ್ ಎರಡು ಪದರ ಹಾಕಿ, ತುದಿಗಳನ್ನೂ ಮುಚ್ಚಿ. ಮತ್ತೆ, ತೆರೆದ ಪೆಡಲ್ ಅನ್ನು ಮನೆಯ ದೀಪದ ಕೆಳಗೆ ಇಟ್ಟು ‘ಹಮ್ ಬರುತ್ತಿದೆ’ ಎಂದು ಗಾಬರಿಯಾಗಬೇಡಿ. 50 ಹರ್ಟ್ಸ್ ಮೈನ್ಸ್‌ನ ದೀಪ ಸೆಕೆಂಡಿಗೆ 100 ಸಲ ಅದುರುತ್ತದೆ, ಎಲ್‌ಡಿಆರ್ ಅದನ್ನೂ ಹಿಡಿಯುತ್ತದೆ. ದಪ್ಪ ಕಪ್ಪು ಬಟ್ಟೆ ಮುಚ್ಚಿ ಕೇಳಿ.

ಫುಟ್‌ಸ್ವಿಚ್

ಕಾಲಿಟ್ಟಾಗ ಒಮ್ಮೆ ಮಾತ್ರ ‘ಟಪ್’ ಎಂದರೆ ಅದು ಮಿಣುಕಿನ ದೋಷವಲ್ಲ. ಇನ್‌ಪುಟ್, ಔಟ್‌ಪುಟ್‌ಗಳಿಂದ ಗ್ರೌಂಡ್‌ಗೆ 1 ಮೆಗಾ ಓಮ್ ಇದೆಯೇ ನೋಡಿ. ಪೆಡಲ್ ಆನ್ ಇದ್ದೂ ದೀಪ ಒಮ್ಮೊಮ್ಮೆ ಮಾತ್ರ ಬಂದರೆ 3ಪಿಡಿಟಿ (ಮೂರು ಸಾಲು ಸಂಪರ್ಕಗಳನ್ನು ಒಟ್ಟಿಗೆ ಬದಲಿಸುವ) ಸ್ವಿಚ್‌ನ ಎಲ್‌ಇಡಿ ಸಾಲನ್ನು ಕಂಟಿನ್ಯೂಟಿ ಬೀಪ್‌ನಲ್ಲಿ ಪರೀಕ್ಷಿಸಿ. ಲಗ್ ಮೇಲೆ ಬೆಸುಗೆ ಕಡ್ಡಿ ಹೆಚ್ಚು ಹೊತ್ತು ಇಟ್ಟರೆ ಒಳಗಿನ ಪ್ಲಾಸ್ಟಿಕ್ ಕರಗಿ ಸಂಪರ್ಕ ಓರೆಯಾಗುತ್ತದೆ. ಅಂಥ ಸ್ವಿಚ್ ರಿಪೇರಿಯಾಗುವುದಿಲ್ಲ, ಬದಲಿಸಬೇಕು.

555 ಮತ್ತು ತಾನೇ ಮಿಣುಕುವ ಎಲ್‌ಇಡಿ

ಎಲ್‌ಎಫ್‌ಒಗೆ ಕೈ ಹಾಕುವ ತಂಟೆಯೇ ಬೇಡವೆಂದು ಪ್ರತ್ಯೇಕವಾಗಿ ಎನ್‌ಇ555 ಟೈಮರ್ ಐಸಿ ಹಾಕಿ ದೀಪ ಮಿಣುಕಿಸುವವರಿದ್ದಾರೆ. ಆ ಹಳೆಯ ಬೈಪೋಲಾರ್ 555 ತನ್ನ ಔಟ್‌ಪುಟ್ ಬದಲಿಸುವ ಕ್ಷಣದಲ್ಲಿ ಸಪ್ಲೈನಿಂದ ಒಂದು ದೊಡ್ಡ ಗುಕ್ಕು ಕರೆಂಟ್ ಎಳೆಯುತ್ತದೆ. ಎಲ್‌ಇಡಿ ಕಿತ್ತರೂ ಟಿಕ್ ಹೋಗದಿರುವುದು ಅದರ ಗುರುತು. ಬೇಕೇಬೇಕೆಂದರೆ ಸಿಮಾಸ್ ಜಾತಿಯ 7555 ಅಥವಾ ಟಿಎಲ್‌ಸಿ555 ಬಳಸಿ. ಒಳಗೇ ಚಿಪ್ ಇರುವ, ತಾನೇ ಮಿಣುಕುವ ಎಲ್‌ಇಡಿಗಳನ್ನು ನಾನು ಪೆಡಲ್‌ಗೆ ಒಪ್ಪುವುದಿಲ್ಲ. ಟ್ರೆಮೊಲೊದ ವೇಗವನ್ನು ತೋರಿಸದ ಮಿಣುಕಿನಿಂದ ನುಡಿಸುವವರ ಕಣ್ಣಿಗೆ ತಪ್ಪು ತಾಳ ಕೊಟ್ಟಂತಾಗುತ್ತದೆ.

ಎಲ್ಲ ಸರಿಹೋಯಿತು ಅನ್ನಿಸಿದ ಮೇಲೆ ಮುಚ್ಚಳದ ಸ್ಕ್ರೂ ಬಿಗಿದು, ಒಂದೇ ಅಡಾಪ್ಟರ್‌ನಿಂದ ಕವಲೊಡೆದ ವೈರಿನಲ್ಲಿ ಬೇರೆ ಪೆಡಲ್‌ಗಳ ಜೊತೆ ಇದನ್ನು ಸೇರಿಸಿ, ಮುಂದೆ ಡಿಸ್ಟಾರ್ಷನ್ ಅನ್ನು ಪೂರ್ತಿ ಗೇನ್‌ನಲ್ಲಿ ಇಟ್ಟು, ಗಿಟಾರ್‌ನ ವಾಲ್ಯೂಮ್ ಸೊನ್ನೆಗೆ ತಂದು ಕೇಳಿ. ಬ್ಯಾಟರಿಯಲ್ಲಿ ಸುಮ್ಮನಿದ್ದು ಇಲ್ಲಿ ಮಾತ್ರ ಟಿಕ್ ಎಂದರೆ 100 ಓಮ್ ಜಾಗದಲ್ಲಿ 220 ಓಮ್ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಈ ಪೆಡಲ್‌ಗೆ ಪ್ರತ್ಯೇಕ ಅಡಾಪ್ಟರ್ ಕೊಡಿ.